ಪ್ರಭುಲಿಂಗಪ್ಪನ ಬಟನ್

ಸೇಡು ತೀರಿಸಿಕೊಳ್ಳುವವರು ಕೊಡಲಿ ಮಸೆಯುತ್ತಾರೆ. ನಾನು ಕ್ಯಾಮೆರಾ ಕೊಂಡೆ.

ನರಗುಂದದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಕೋಣೆಯ ಸ್ಟುಡಿಯೋ ಇದೆ. ಮದುವೆ, ಕುಬಸ, ತೊಟ್ಟಿಲು, ಕರೆದಲ್ಲಿಗೆ ಹೋಗುತ್ತೇನೆ. ಹೆಣ್ಣುಮಗಳು ಕ್ಯಾಮೆರಾ ಹಿಡಿದಳೆಂದು ಮೊದಲು ಹಲ್ಲು ಕಿಸಿದವರೇ ಈಗ ಎರಡು ತಿಂಗಳು ಮುಂಚೆ ತಾರೀಖು ಕೇಳುತ್ತಾರೆ. ಹೋದ ಮಾಘದಲ್ಲಿ ಗಜೇಂದ್ರಗಡದಿಂದ ಅಮರೇಶ ಎಂಬ ವರ ಫೋನ್ ಮಾಡಿದ.

"ಅನಿತಕ್ಕ, ಮದುವಿ ನಮ್ಮೂರಾಗ. ಫೋಟೋ ನೀವ ತಗೀಬೇಕ್ರಿ. ಹೆಣ್ಣು ರೋಣದ್ದು, ಸ್ಟುಡಿಯೋ ಪ್ರಭುಲಿಂಗಪ್ಪ ಅವರ ಮಗಳು."

"ಅವರದ ಸ್ಟುಡಿಯೋ ಐತೆಲ್ರಿ?" ಎಂದೆ.

"ಮಗಳ ಲಗ್ನದಾಗ ಅಪ್ಪ ಕ್ಯಾಮೆರಾ ಹಿಡಕೊಂಡು ನಿಂತ್ರ ಹ್ಯಾಂಗ್ರಿ? ಅದೂ ಅಲ್ದ ಮದುವಿ ನಮ್ಮ ಕಡಿದು, ಫೋಟೋನೂ ನಮ್ಮ ಕಡಿದು."

ಆಗಲಿ ಎಂದೆ. ಹದಿನೆಂಟು ವರ್ಷ ನಾನು ಕಾದದ್ದು ಇದೇ ಫೋನಿಗಾಗಿ ಅಂತ ಅವನಿಗೆ ಹೇಳಲಾಗುತ್ತದೆಯೇ?

ನನಗಾಗ ಹನ್ನೊಂದು ವರ್ಷ. ನಮ್ಮದು ಮೆಣಸಗಿ. ಅಪ್ಪ ಹೊಳಿಯಪ್ಪ, ಅವ್ವ ಸಣ್ಣವ್ವ, ಇಬ್ಬರೂ ಸವಡಿಯ ಧಣಿಯರ ಹೊಲದಲ್ಲಿ ಕೂಲಿ. ಧಣಿಯರ ಮಗನ ಮದುವೆಗೆ ಅವ್ವ ತನ್ನ ಮದುವೆಯ ಇಳಕಲ್ ಸೀರೆ ಉಟ್ಟಳು. ಅಪ್ಪನ ಹೆಗಲಿಗೆ ಕೇಳಿ ತಂದ ಶಲ್ಯ. ಇಬ್ಬರೂ ಸ್ಟೇಜ್ ಹತ್ತಿ, ಅಕ್ಕಿಕಾಳು ಹಾಕಿ, ಪ್ರಭುಲಿಂಗಪ್ಪನ ಕ್ಯಾಮೆರಾದ ಕಡೆ ತಿರುಗಿ, ಉಸಿರು ಬಿಗಿಹಿಡಿದು ನಿಂತರು. ಫಳ್ ಎಂದು ಫ್ಲ್ಯಾಶ್ ಬಿತ್ತು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅವರಿಬ್ಬರ ಮೊದಲ ಜೋಡಿ ಫೋಟೋ. ಅವ್ವ ಇಳಿದು ಬಂದು, "ಕಣ್ಣು ಮುಚ್ಚಿದ್ನೇನ?" ಎಂದು ನನ್ನನ್ನು ಮೂರು ಸಲ ಕೇಳಿದಳು.

ಆ ಫೋಟೋಗಾಗಿ ಅವಳು ರೋಣಕ್ಕೆ ನಾಲ್ಕು ಸಲ ಹೋದಳು. ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿಕೊಂಡು. ಪ್ರಭುಲಿಂಗಪ್ಪ ಮೂರು ಸಲ "ತೊಳ್ಯಾಕ ಕೊಟ್ಟೀವಿ" ಅಂದ. ನಾಲ್ಕನೆಯ ಸಲ "ರೀಲ್ ಸುಟ್ಟೈತಿ" ಅಂದ. ಮುಂದಿನ ವರ್ಷ ಅವ್ವ ಜ್ವರದಲ್ಲಿ ತೀರಿಕೊಂಡಳು. ಹಾರ ಹಾಕಲು ಮನೆಯಲ್ಲಿ ಅವಳ ಒಂದು ಚಿತ್ರವಿರಲಿಲ್ಲ. ಬರಿಯ ಗೋಡೆಯ ಮೊಳೆಗೆ ಹಾರ ಹಾಕಿದೆವು.

ರೀಲ್ ಸುಟ್ಟಿರಲಿಲ್ಲ ಎಂದು ತಿಳಿದದ್ದು ನಾನು ಈ ಕಸುಬು ಕಲಿಯುವಾಗ. ಕಲಿಸಿದವರು ನರಗುಂದದ ನಬೀಸಾಬ ಮಾಸ್ತರರು. ಫ್ಲ್ಯಾಶಿನ ಬೆನ್ನಿಗೆ ಪರೀಕ್ಷೆಗೆಂದು ಒಂದು ಸಣ್ಣ ಬಟನ್ ಇರುತ್ತದೆ. ಅದನ್ನೊತ್ತಿದರೆ ಬೆಳಕು ಬೀಳುತ್ತದೆ, ಫೋಟೋ ಬರುವುದಿಲ್ಲ. "ಕೂಲಿ ಮಂದಿ ಸ್ಟೇಜ್ ಹತ್ತಿದ್ರ ಇದನ್ನ ಒತ್ತತಿದ್ರು. ರೀಲ್ ಉಳೀತಿತ್ತಲ್ಲ" ಎಂದು ನಕ್ಕು, "ಇದಕ್ಕ ನಮ್ಮ ಲೈನಿನಾಗ ಪ್ರಭುಲಿಂಗಪ್ಪನ ಬಟನ್ ಅಂತೀವಿ" ಅಂದರು. ನಾನು ಆ ದಿನ ಊಟ ಮಾಡಲಿಲ್ಲ.

ಅಮರೇಶನ ಫೋನ್ ಬಂದ ಮರುದಿನವೇ ತೌಸೀಫನ ಅಂಗಡಿಗೆ ಹೋದೆ. ಅವನು ಹುಬ್ಬಳ್ಳಿಯಿಂದ ಹಳೆಯ ಕ್ಯಾಮೆರಾ ತಂದು, ರಿಪೇರಿ ಮಾಡಿ ಮಾರುತ್ತಾನೆ. ನನ್ನ ಹಳೆಯದರಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸಣ್ಣದು. ಕಲ್ಯಾಣಮಂಟಪದ ಮಬ್ಬು ಬೆಳಕಿನಲ್ಲಿ ಮುಖದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಕಾಣುತ್ತಿತ್ತು.

"ಫುಲ್ ಫ್ರೇಮ್ ಬೇಕು, ದೊಡ್ಡ ಸೆನ್ಸರಿಂದು. ಕ್ಯಾಮೆರಾ ಸಣ್ಣದಿರಬೇಕು. ನನ್ನ ಕೈಗೆ ಎಟುಕೋ ರೇಟಿಂದಿರಬೇಕು" ಎಂದೆ.

"ಹೆಣ್ಣು ಚೆಂದಿರಬೇಕು, ವರದಕ್ಷಿಣಿನೂ ತರಬೇಕು ಅಂದಂಗಾತು" ಎನ್ನುತ್ತ ಮೂರನ್ನು ಮೇಜಿನ ಮೇಲಿಟ್ಟ.

ಮೊದಲನೆಯದು ಕನ್ನಡಿಯಿರುವ ಹಳೆಯ ದೊಡ್ಡದು. ಅಗ್ಗ, ಗಟ್ಟಿ, ಆದರೆ ರುಬ್ಬುಗುಂಡಿನ ಭಾರ. ಅದನ್ನೆತ್ತಿದರೆ ಸಾಕು, ಹೆಣ್ಣುಮಕ್ಕಳು ನಗುವುದನ್ನು ಬಿಟ್ಟು ಸೆರಗು ಸರಿಮಾಡಿಕೊಳ್ಳುತ್ತಾರೆ. ಬೇಡವೆಂದೆ. ಎರಡನೆಯದು ಅಂಗೈಯಲ್ಲಿ ಕೂರುವಂಥದು, ಒಳಗೆ ಅಲುಗುವ ಶಟರೇ ಇಲ್ಲ. ಒತ್ತಿದರೆ ಚಕಾರವಿಲ್ಲ.

"ಇದನ್ನ ತಗೋರಿ ಅಕ್ಕ. ಪಕ್ಕದಾಗ ಕುಂತವರಿಗೂ ಗೊತ್ತಾಗೂದಿಲ್ಲ. ಎಲ್‌ಇಡಿ ಲೈಟಿನಾಗ ಅಷ್ಟ ಪಟ್ಟಿ ಪಟ್ಟಿ ಬರ್ತಾವು."

"ಸಪ್ಪಳ ಬರಬೇಕು" ಎಂದೆ.

"ಎಲ್ಲಾರೂ ಸಪ್ಪಳ ಬ್ಯಾಡ ಅಂತಾರ!"

"ನನಗ ಬೇಕು. ತಗದ್ರ ತಗದೀನಿ ಅಂತ ಗೊತ್ತಾಗಬೇಕು, ತಗೀದಿದ್ರ ತಗದಿಲ್ಲ ಅಂತ."

ಮೂರನೆಯದು ಹೊರಗೆ ಸ್ವಲ್ಪ ಸವೆದಿತ್ತು. ಬ್ಯಾಟರಿ ಬೇಗ ಇಳಿಯುತ್ತದೆ, ಕಾರ್ಡು ಒಂದೇ ಹಿಡಿಯುತ್ತದೆ ಎಂದು ತೌಸೀಫ ತಾನೇ ಕುಂದು ಹೇಳಿದ. ಆದರೆ ಸಣ್ಣದು, ಹಗುರ, ಅಂಗಡಿಯ ಕತ್ತಲೆಯ ಮೂಲೆಯಲ್ಲಿ ತೆಗೆದರೂ ಅವನ ಗಡ್ಡದ ಎಳೆ ಎಳೆ ಬಂತು. ಒತ್ತಿದರೆ ಟಕ್ಕೆಂದು ಚೊಕ್ಕ ಸಪ್ಪಳ. ಐವತ್ತು ಎಂಎಂ ಲೆನ್ಸ್ ಸೇರಿ ನನ್ನ ಕೈಗೆಟುಕುವ ಬೆಲೆಗೆ ಬಂತು. "ಒಂದು ಫ್ಲ್ಯಾಶ್‌ನೂ ಕೊಡು" ಎಂದೆ.

"ಇಂಥಾದಕ್ಕ ಫ್ಲ್ಯಾಶ್ ಯಾಕ್ರಿ?"

"ಒಂದ ಫೋಟೋಕ್ಕ ಬೇಕಾಗೇತಿ."

ಮದುವೆಯ ದಿನ ಬೆಳಿಗ್ಗೆಯಿಂದ ಫ್ಲ್ಯಾಶ್ ಚೀಲದಲ್ಲೇ ಇತ್ತು. ಅರಿಷಿಣ, ಸುರಗಿ, ತಾಳಿ, ಎಲ್ಲವೂ ಟಕ್ ಟಕ್ ಎಂದು ಬರಿಯ ಬೆಳಕಿನಲ್ಲೇ ಬಂದವು. ಪ್ರಭುಲಿಂಗಪ್ಪ ಒಂದೆರಡು ಸಲ ಹತ್ತಿರ ಬಂದು ನನ್ನ ಕ್ಯಾಮೆರಾ ನೋಡಿ, "ಸಣ್ಣದರಾಗ ಚಲೋ ಐತಿ ತಂಗಿ" ಎಂದ. ಮಗಳ ಮದುವೆಯಲ್ಲೂ ಅವನ ಕಿವಿ ಶಟರಿನ ಮೇಲೆಯೇ ಇತ್ತು. ಎಲ್ಲರ ಫೋಟೋ ತೆಗೆದೆ. ಪಾತ್ರೆ ತಿಕ್ಕಲು ಬಂದ ಹೆಣ್ಣುಮಕ್ಕಳನ್ನೂ ಸ್ಟೇಜ್ ಹತ್ತಿಸಿ ಎರಡೆರಡು ತೆಗೆದೆ. ಪ್ರಭುಲಿಂಗಪ್ಪನನ್ನು ಮಾತ್ರ ಎಲ್ಲ ಚೌಕಟ್ಟಿನಿಂದಲೂ ಹೊರಗಿಟ್ಟೆ. ಹೆಣ್ಣಿನ ಅಪ್ಪ ಆ ದಿನ ಎಲ್ಲಿ ಒಂದೆಡೆ ನಿಲ್ಲುತ್ತಾನೆ? ಕಷ್ಟವೇನಾಗಲಿಲ್ಲ.

ಊಟದ ಹೊತ್ತಿಗೆ ಬ್ಯಾಂಡಿನವರೂ ಪಂಕ್ತಿಯಲ್ಲಿ ಕೂತರು. ಹಾಲ್ ಖಾಲಿಯಾಗಿ ಸ್ಟೇಜಿನ ಹತ್ತಿರ ಬೀಗರಷ್ಟೇ ಉಳಿದರು. ಆಗ ಪ್ರಭುಲಿಂಗಪ್ಪ ಹೆಂಡತಿ ರೇಣುಕವ್ವನ ಜೊತೆ ಸ್ಟೇಜ್ ಹತ್ತಿದ. ಮಗಳು ಅನ್ನಪೂರ್ಣೇಶ್ವರಿ ನಡುವೆ ನಿಂತು ಇಬ್ಬರ ತೋಳು ಹಿಡಿದುಕೊಂಡಳು. ನಾನು ಫ್ಲ್ಯಾಶ್ ಏರಿಸಿದೆ. ಹೆಬ್ಬೆರಳಿನಿಂದ ಹಿಂದಿನ ಬಟನ್ ಒತ್ತಿದೆ. ಫಳ್ ಎಂದಿತು. ಟಕ್ ಅನ್ನಲಿಲ್ಲ.

ಅವನ ನಗು ಹಾಗೇ ನಿಂತಿತು. ಮೂವತ್ತು ವರ್ಷದ ಕಸುಬು, ಕಿವಿ ಸುಳ್ಳು ಹೇಳುತ್ತದೆಯೇ?

"ಇನ್ನೊಂದು ಹೊಡಿ ತಂಗಿ."

ಹೊಡೆದೆ. ಫಳ್. ಅಷ್ಟೇ.

"ಬಂದಿಲ್ಲದು" ಎಂದ ಸಣ್ಣ ದನಿಯಲ್ಲಿ.

"ಲೈಟ್ ಬಿತ್ತಲ್ರಿ ಕಾಕಾ! ಲೈಟ್ ಬಿದ್ದೂ ಫೋಟೋ ಬರೂದಿಲ್ಲೇನ್ರಿ?" ಎಂದೆ ಬೀಗರಿಗೆ ಕೇಳುವಷ್ಟು ಜೋರಾಗಿ.

ಎಲ್ಲರೂ ಅವನ ಕಡೆ ನೋಡಿದರು. ಹೌದು, ಬರುವುದಿಲ್ಲ ಎಂದರೆ ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನು ಸ್ಟೇಜಿನ ಅಂಚಿಗೆ ಬಂದು ಬಗ್ಗಿ, "ಯಾರ ಮಗಳವ್ವ ನೀನು?" ಎಂದ.

"ಮೆಣಸಗಿ ಹೊಳಿಯಪ್ಪ, ಸಣ್ಣವ್ವನ ಮಗಳು."

ಅವನಿಗೆ ನೆನಪಾಗಲಿಲ್ಲ. ಯಾರೂ ನೆನಪಾಗಲಿಲ್ಲ. ನಾನು ಹದಿನೆಂಟು ವರ್ಷ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ತಿರುಗಿದ್ದೇನೆ, ಇವನಿಗೆ ಹೆಸರೂ ಗೊತ್ತಿಲ್ಲ! ಅವನನ್ನು ಅಲ್ಲೇ ಕೆಡವಬೇಕೆನಿಸಿತು. ಅವನು ಕಣ್ಣು ಅಗಲಿಸಿ, ಎಲ್ಲೆಲ್ಲಿಯೋ ಹುಡುಕುತ್ತ, ಏನೂ ಸಿಗದೆ ನಿಂತಿದ್ದ. ಫ್ಲ್ಯಾಶ್ ಕಿತ್ತು, ಎರಡು ಹೆಜ್ಜೆ ಮುಂದೆ ಹೋಗಿ ಆ ಮುಖವೊಂದನ್ನೇ ತೆಗೆದೆ. ಟಕ್ಕೆಂದಿತು. ಅವನು ಬೆಚ್ಚಿಬಿದ್ದ.

ಮೊಬೈಲಿನಲ್ಲಿ ಯಾರ್ಯಾರೋ ಅಪ್ಪ ಮಗಳನ್ನು ತೆಗೆದಿರಬಹುದು. ಆದರೆ ಅಲ್ಬಮ್ಮೇ ಮದುವೆ ಎಂದು ಊರಿಗೆಲ್ಲ ಹೇಳಿ ಬದುಕಿದವನು ಮಗಳ ಅಲ್ಬಮ್ಮಿನಲ್ಲಿ ಒಂದೇ ಪುಟದಲ್ಲಿದ್ದಾನೆ, ಅದೂ ಒಬ್ಬನೇ. ಅನ್ನಪೂರ್ಣೇಶ್ವರಿ ಆ ಪುಟ ನೋಡಿ ಅತ್ತಳಂತೆ. "ನನ್ನ ಕಳಸೋ ಮುಂದ ಅಪ್ಪಾಜಿ ಮಾರಿ ನೋಡ್ರಿ. ಎಷ್ಟ ಸಂಕಟ!" ಎಂದು ನನಗೇ ಫೋನ್ ಮಾಡಿದಳು. ದೊಡ್ಡದು ಮಾಡಿಸಿ ಅಪ್ಪನ ಸ್ಟುಡಿಯೋದಲ್ಲೇ ಹಾಕಿಸಬೇಕೆಂದಳು. ಮಾಡಿಸಿ, ಫ್ರೇಮ್ ಕಟ್ಟಿಸಿ, ರೋಣಕ್ಕೆ ನಾನೇ ಒಯ್ದೆ. ನನ್ನ ಹೊಟ್ಟೆ ಅಷ್ಟು ತಣ್ಣಗಾದದ್ದು ಇನ್ನೆಂದೂ ಇಲ್ಲ.

ಪ್ರಭುಲಿಂಗಪ್ಪ ನೆಲದ ಮೇಲೆ ಕೂತಿದ್ದ. ಸುತ್ತಲೂ ಅಟ್ಟದಿಂದಿಳಿಸಿದ ನೆಗೆಟಿವ್‌ಗಳ ಚೀಲ. ಒಂದೊಂದೇ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ನಾನು ಅವನ ಮೇಜಿನ ಎದುರಿಗೇ ಮೊಳೆ ಹೊಡೆದು ಅವನ ಮುಖವನ್ನು ತೂಗುಹಾಕಿದೆ.

"ಹೋಳಿ ಹುಣ್ಣಿವಿಯಿಂದ ಹುಡುಕಾಕತ್ತೇನವ್ವ" ಎಂದ. ಕಣ್ಣು ಕೆಂಪಾಗಿದ್ದವು. "ಎಲ್ಲೆರ ನಿಮ್ಮಪ್ಪ ಅವ್ವಂದು ಒಂದು ಹೊಡದಿರತೇನಿ. ಎಲ್ಲಾರಿಗೂ ಹಂಗ ಮಾಡತಿದ್ದಿಲ್ಲ ನಾ. ಯಾರ ಮದುವಿಯೊಳಗ, ಅಷ್ಟ ಹೇಳು. ನಿಮ್ಮವ್ವ ಹೆಂಗಿದ್ಲು?"

ಸವಡಿಯ ಧಣಿಯರ ಮದುವೆ ಎಂದಿದ್ದರೆ ಅರ್ಧ ತಾಸಿನಲ್ಲಿ ಆ ಚೀಲ ಸಿಗುತ್ತಿತ್ತು. ಅದರಲ್ಲಿ ನನ್ನವ್ವ ಇಲ್ಲ ಎಂದು ಅವನಿಗೂ ಖಾತ್ರಿಯಾಗಿ, ಅತ್ತು, ಹಗುರಾಗಿಬಿಡುತ್ತಿದ್ದ.

"ಹುಡುಕ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡೆ.