ಸತ್ತ ಆಟಗಳು

ಹರ್ಬರ್ಟ್ ಸಗ್ಡನ್ ತನ್ನ ಸ್ನೂಕರ್ ಚಾಂಪಿಯನ್ ಪಟ್ಟ ಕಳೆದುಕೊಂಡದ್ದು ಇಂಗ್ಲೆಂಡಿನ ಬೋಲ್ಟನ್ ಊರಿನ ಸಭಾಂಗಣದಲ್ಲಿ, ಒಂದು ಬುಧವಾರ ಮಧ್ಯಾಹ್ನ. ವಾರವಿಡೀ ನಡೆಯುವ ಪಂದ್ಯದಲ್ಲಿ ಎದುರಾಳಿ ಸಿರಿಲ್ ಬೂತ್ ಇನ್ನು ಹಿಡಿಯಲಾಗದಷ್ಟು ಮುಂದೆ ಹೋಗಿದ್ದ. ಆದರೆ ಟಿಕೆಟ್ಟು ಮಾರಿದ್ದು ಶನಿವಾರದವರೆಗೆ. ಸೋತವನು ಕೋಲು ಎತ್ತಿಕೊಂಡು ಮನೆಗೆ ಹೋಗುವಂತಿಲ್ಲ, ಉಳಿದ ಆಟಗಳನ್ನೆಲ್ಲ ಆಡಿಯೇ ತೀರಬೇಕು. ಸ್ನೂಕರ್ ಮಂದಿ ಇವನ್ನು ಸತ್ತ ಆಟಗಳು ಅನ್ನುತ್ತಾರೆ. ಹೆಣಕ್ಕೆ ಸಿಂಗಾರ ಅಂದರೂ ತಪ್ಪಿಲ್ಲ.

ಹರ್ಬರ್ಟ್ ಎರಡನೇ ಮಹಾಯುದ್ಧಕ್ಕೆ ಮುಂಚೆ ಪಟ್ಟ ಏರಿದವನು, ಯುದ್ಧ ಮುಗಿದ ಮೇಲೂ ಇಳಿದಿರಲಿಲ್ಲ. ಈಗ ಕೂದಲೆಲ್ಲ ನರೆತಿತ್ತು. ಹೆಂಡತಿ ಎಡ್ನಾ ಅವನಿಗೆ ನಡೆಸಲೆಂದು ಒಂದು ಪಬ್ಬು ನೋಡಿಟ್ಟಿದ್ದಳು. ಹಳೆಯ ಚಾಂಪಿಯನ್ ಬಿಯರ್ ಸುರಿದುಕೊಡುತ್ತಾನೆಂದರೆ ಜನ ಬಂದೇ ಬರುತ್ತಾರೆ, ಇಳಿವಯಸ್ಸಿಗೆ ನೆರಳಾಗುತ್ತದೆ ಎಂಬುದು ಅವಳ ಲೆಕ್ಕ. ಪಬ್ಬಿನವರಿಗೆ ವಾರದೊಳಗೆ ಉತ್ತರ ಬೇಕಿತ್ತು. ತೋಳಲ್ಲಿ ಇನ್ನೂ ಜೀವ ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆಂದು ಹರ್ಬರ್ಟ್ ದಿನ ತಳ್ಳಿದ್ದ.

ಜೀವ ಇತ್ತು. ಬುಧವಾರ ಸಂಜೆಯಿಂದಲೇ ಅವನು ಗೆಲ್ಲತೊಡಗಿದ. ಗುರುವಾರ ಸಿರಿಲ್‌ಗೆ ಒಂದೇ ಒಂದು ಆಟ ಸಿಕ್ಕಿತು. ಮುದುಕ ಪಟ್ಟದ ಭಾರ ಇಳಿದ ಮೇಲೆ ಹಗುರಾಗಿದ್ದಾನೆ ಎಂದು ಜನ ಮಾತಾಡಿಕೊಂಡರು. ಶುಕ್ರವಾರ ಬೆಳಿಗ್ಗೆ ಹರ್ಬರ್ಟ್, ಪಬ್ಬು ಬೇಡವೆಂದು ಹೇಳಿಬಿಡು, ಮುಂದಿನ ವರ್ಷ ಪಟ್ಟ ವಾಪಸ್ ತರುತ್ತೇನೆ ಅಂದ. ಎಡ್ನಾ ಹೋಗಿ ಫೋನು ಮಾಡಿ ಬಂದಳು.

ಶನಿವಾರ ಸಂಜೆ ಸಿರಿಲ್ ಒಂದು ಸುಲಭದ ಕೆಂಪು ಚೆಂಡಿಗೆ ಬಾಗಿದ. ಅದು ಪಾಕೆಟ್ಟಿನ ಅಂಚಿಗೆ ತಾಗಿ, ತುಸು ಅಲುಗಾಡಿ, ಬಾಯಲ್ಲೇ ನಿಂತಿತು. ಹರ್ಬರ್ಟ್ ಕೂಡಲೇ ಗುರುತು ಹಿಡಿದ. ಬೇಕೆಂದೇ ತಪ್ಪಿಸುವ ಆ ಹೊಡೆತ ತನ್ನದೇ. ಪ್ರದರ್ಶನದ ಆಟಕ್ಕೆ ಊರೂರು ಸುತ್ತುವಾಗ ಮೇಯರುಗಳಿಗೆ, ಪಾದ್ರಿಗಳಿಗೆ ಗೆದ್ದ ಖುಷಿ ಕೊಡಲು ಎಷ್ಟು ಸಲ ಹಾಗೆ ತಪ್ಪಿಸಿದ್ದನೋ. ಕೊಂಚವೂ ಅನುಮಾನ ಬರದಂತೆ ತಪ್ಪಿಸುವುದು ಚೆಂಡು ಹಾಕುವುದಕ್ಕಿಂತ ಕಷ್ಟ. ಸಿರಿಲ್ ಚೆನ್ನಾಗಿ ಕಲಿತಿದ್ದ.

ವಿರಾಮದಲ್ಲಿ ಹರ್ಬರ್ಟ್ ಅವನನ್ನು ಮೂಲೆಗೆ ಕರೆದ.

"ಯಾವಾಗಿಂದ ಹುಡುಗಾ?"

ಸಿರಿಲ್ ತಲೆ ಎತ್ತಲಿಲ್ಲ. "ಬುಧವಾರದಿಂದ. ಜನ ನಿಮ್ಮನ್ನ ನೋಡೋಕೆ ಬಂದಿದ್ದು, ಸಗ್ಡನ್ ಅವ್ರೇ. ಅವ್ರನ್ನ ಹಾಗೇ ಕಳಿಸೋಕೆ ಮನಸ್ಸಾಗ್ಲಿಲ್ಲ."

"ನನ್ನನ್ನೂ ಮೇಯರ್ ಮಾಡ್ಬಿಟ್ಟೆ. ಕೊನೇ ಆಟಾನಾದ್ರೂ ಸರಿಯಾಗಿ ಆಡು."

"ಬೇಡ ಬಿಡಿ."

"ಆಡು ಅಂದೆ."

ಸಿರಿಲ್ ಆಡಿದ. ಹರ್ಬರ್ಟ್ ಒಮ್ಮೆ ತನ್ನ ಸರದಿಗೆ ಎದ್ದ. ಕಷ್ಟದ ಚೆಂಡನ್ನಲ್ಲ, ನಿದ್ದೆಗಣ್ಣಲ್ಲೂ ಹಾಕುತ್ತಿದ್ದಂಥದ್ದನ್ನೇ ಆರಿಸಿದ. ಅದು ಪಾಕೆಟ್ಟಿನಿಂದ ಅಂಗೈಯಗಲ ತಪ್ಪಿ ಹೋಯಿತು. ಆಮೇಲೆ ಅವನು ಏಳುವ ಪ್ರಮೇಯವೇ ಬರಲಿಲ್ಲ. ಸಿರಿಲ್ ಮೇಜು ಖಾಲಿ ಮಾಡುತ್ತ ಹೋದ, ಇವನು ಕುರ್ಚಿಯಲ್ಲಿ ಕೂತು ನೋಡಿದ. ನಾಚಿಕೆಯಿಂದ ಸಾಯಬೇಕೆನಿಸಿತು, ಅಷ್ಟೇ ಅಲ್ಲ, ಹುಡುಗನ ಆಟ ಎಷ್ಟು ಚೆಂದ ಎಂದೂ ಅನಿಸಿತು. ಅದೇ ಹೆಚ್ಚು ಸುಟ್ಟಿತು.

ಹೊರಗೆ ಬಸ್ಸಿಗೆ ಕಾಯುವಾಗ ಎಡ್ನಾ ಅವನ ತೋಳು ಹಿಡಿದುಕೊಂಡಳು. ಪಬ್ಬು ಹೋದ ಬೇಸರ ಅವಳ ಮುಖದಲ್ಲಿ ಇರಲಿಲ್ಲ.

"ಕೊನೇದನ್ನ ಆ ಹುಡುಗನಿಗೆ ಬಿಟ್ಕೊಟ್ಟೆ ಅಲ್ವಾ?" ಅಂದಳು. "ನಂಗೆ ಗೊತ್ತಾಯ್ತು. ಎಷ್ಟು ದೊಡ್ಡ ಮನಸ್ಸು ನಿಂದು."

"ಹೂಂ," ಅಂದ ಹರ್ಬರ್ಟ್.