ಬೋರ್ಡಿಗೆ ಹೇಳಿದ ಪಾಠ

“ಕಲಸಿಟ್ಟ ಓಆರ್‌ಎಸ್ ನೀರನ್ನ ಎಷ್ಟು ಹೊತ್ತು ಇಟ್ಕೋಬಹುದಮ್ಮ?”

ಮೇಷ್ಟ್ರು ಕೇಳಿದರು. ಎದುರಿಗೆ ಕೂತ ಹುಡುಗಿ ಅವರ ತುಟಿಗಳನ್ನೇ ನೋಡುತ್ತಿದ್ದಳು. ಪೊಟ್ಟಣ ಒಡೆಯುವುದು, ಕುದಿಸಿ ಆರಿಸಿದ ನೀರಿಗೆ ಬೆರೆಸುವುದು, ಭೇದಿಯಾದ ಮಗುವಿಗೆ ಗುಟುಕು ಗುಟುಕಾಗಿ ಕುಡಿಸುವುದು, ಎಲ್ಲವನ್ನೂ ಈಗಷ್ಟೇ ಪಟಪಟನೆ ಹೇಳಿದ್ದಳು. ಇಲ್ಲಿಗೆ ಬಂದು ಗಾಡಿ ನಿಂತಿತು.

ಆರೋಗ್ಯ ಕಾರ್ಯಕರ್ತರ ಆ ತರಬೇತಿ ಶಾಲೆಗೆ ಕಿವಿ ಕೇಳದವರೊಬ್ಬರು ಸೇರಿದ್ದು ಅದೇ ಮೊದಲು. ಚಿಕ್ಕಂದಿನ ಜ್ವರವೊಂದರಲ್ಲಿ ಅವಳ ಕಿವಿ ಹೋಗಿತ್ತು. ಮಾತು ಉಳಿದಿತ್ತು, ಸ್ವಲ್ಪ ಒರಟಾಗಿ. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು. ಅವಳನ್ನು ಸೇರಿಸಿಕೊಂಡವರು ಪ್ರಿನ್ಸಿಪಾಲ್ ಮೇಡಂ. ಮೇಷ್ಟ್ರು ಆಗಲೇ ಮೂಗು ಮುರಿದಿದ್ದರು: “ಕೇಳಿಸದವಳು ಜನಕ್ಕೆ ಏನು ಹೇಳ್ತಾಳೆ ಮೇಡಂ?” ಈಗ ಈ ಮೌಖಿಕ ಪರೀಕ್ಷೆಯಲ್ಲಿ ಮೇಷ್ಟ್ರು ಆಗಲ್ಲ ಅಂದರೆ ಅವಳು ಗಂಟುಮೂಟೆ ಕಟ್ಟಬೇಕು. ಅದು ಅವಳಿಗೂ ಗೊತ್ತಿತ್ತು.

“ಪಾಠದಲ್ಲಿ ಹೇಳಿದ್ದೆ ತಾನೆ?”

“ಬೋರ್ಡಿಗೆ ಹೇಳಿದ್ರಿ ಸಾರ್.”

ಪಕ್ಕದಲ್ಲಿ ಕೂತಿದ್ದ ಮೇಡಂ ತುಟಿ ಕಚ್ಚಿ ನಗು ತಡೆದುಕೊಂಡರು. ಹುಡುಗಿ ಕೊಂಕು ಆಡಿರಲಿಲ್ಲ. ನಡೆದದ್ದನ್ನು ಹೇಳಿದ್ದಳು, ಅಷ್ಟೆ.

“ಮತ್ತೆ ದಿನಾ ತಲೆ ಆಡಿಸ್ತಿದ್ದೆಯಲ್ಲ, ಗೊತ್ತಾಯ್ತು ಅನ್ನೋ ಹಾಗೆ?”

“ಎಲ್ಲರೂ ಆಡಿಸ್ತಿದ್ರು ಸಾರ್. ನಾನೊಬ್ಬಳೇ ಗೊತ್ತಾಗ್ಲಿಲ್ಲ ಅಂದ್ರೆ, ಇವಳ ಕೈಲಿ ಆಗಲ್ಲ ಅಂತೀರೇನೋ ಅಂತ ಭಯ.”

ಆ ಮಾತು ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡು, “ನಾಳೆ ನೋಡೋಣ” ಎಂದು ಎದ್ದರು.

ಸಿಟ್ಟು ಮನೆಯವರೆಗೂ ಜೊತೆಗೇ ಬಂತು. ಮೇಷ್ಟ್ರು ಚಪ್ಪಲಿ ಬಿಡುತ್ತ, ಗೋಡೆಯ ಮೊಳೆಗೆ ಚೀಲ ತಗುಲಿಸುತ್ತ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಹೆಂಡತಿ ಹಿಂದೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದರು.

“ಕೇಳಿಸ್ತೇನೇ?”

“ಗೋಡೆಗೆ ಕೇಳಿಸಿರಬೇಕು. ಅದಕ್ಕೇ ತಾನೆ ಹೇಳ್ತಾ ಇದ್ದದ್ದು ನೀವು?” ಅವರು ಟವೆಲ್ ಕೊಡವಿ ಮತ್ತೆ ಮಡಚಿದರು. “ಮದುವೆ ಆದಾಗಿನಿಂದ ನಿಮ್ಮ ಬೆನ್ನಿನ ಜೊತೆ ಸಂಸಾರ ಮಾಡಿದ್ದೀನಿ ಕಣ್ರೀ. ನಂಗೆ ಕಿವಿ ನೆಟ್ಟಗಿದೆ, ಹೇಗೋ ನಡೀತು. ಆ ಹುಡುಗಿ ಏನು ಮಾಡ್ಬೇಕು?”

ಮೇಷ್ಟ್ರಿಗೆ ನಾಚಿಕೆಯಾಯಿತು. ಕೈ ಬರೆಯುತ್ತಿರಬೇಕು, ಬಾಯಿ ಹೇಳುತ್ತಿರಬೇಕು, ಆಗ ಹೊತ್ತು ಉಳಿಯುತ್ತದೆ ಎಂಬುದು ಅವರ ಹೆಮ್ಮೆ. ಹೊಸ ಶಿಕ್ಷಕರಿಗೂ ಅದನ್ನೇ ಕಲಿಸಿದ್ದರು. ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ತಲೆಬರಹ ಮಾತ್ರ, ತಿರುಳೆಲ್ಲ ಬಾಯಲ್ಲಿ. ಆ ತಿರುಳು ಇಷ್ಟು ದಿನ ಒಬ್ಬಳ ಪಾಲಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

ಬೆಳಿಗ್ಗೆ ಮೇಡಂ ಕೋಣೆಗೆ ಹೋಗಿ, “ಪರೀಕ್ಷೆ ಇನ್ನೊಂದ್ಸಲ ಮಾಡ್ತೀನಿ. ಅದಕ್ಕೆ ಮೊದಲು ಪಾಠ ಇನ್ನೊಂದ್ಸಲ ಆಗ್ಬೇಕು” ಎಂದರು.

“ಯಾವ ಪಾಠ?”

“ಎಲ್ಲಾ.”

ಹುಟ್ಟುಗುಣ ಸುಟ್ಟರೂ ಹೋಗದು. ಸೀಮೆಸುಣ್ಣವನ್ನು ಒಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟು ತಾವು ತರಗತಿಯತ್ತ ಮುಖ ಮಾಡಿ ನಿಂತರೂ, ಮಾತಿನ ಭರದಲ್ಲಿ ಮೇಷ್ಟ್ರ ಮೈ ತಾನಾಗಿ ಬೋರ್ಡಿನತ್ತ ವಾಲುತ್ತಿತ್ತು. ಆಗ ಹಿಂದಿನ ಬೆಂಚಿನಿಂದ ಕೆಮ್ಮು ಏಳುತ್ತಿತ್ತು. ಕೆಲವು ದಿನ ಇಡೀ ತರಗತಿಗೇ ಕೆಮ್ಮು ಹಿಡಿದಂತಿತ್ತು. ಹುಡುಗಿಯೂ ಸುಮ್ಮನೆ ತಲೆ ಆಡಿಸುವುದನ್ನು ಬಿಟ್ಟಳು. ಒಂದು ದಿನ ಕೈ ಎತ್ತಿ, “ಈಗಿನದು ಗೊತ್ತಾಗ್ಲಿಲ್ಲ ಸಾರ್” ಎಂದಳು. ಪಕ್ಕದವನೂ ಮೆಲ್ಲಗೆ ಕೈ ಎತ್ತಿ, “ನಂಗೂ ಸಾರ್” ಎಂದ.

ಮರುಪರೀಕ್ಷೆಯನ್ನು ಮೇಷ್ಟ್ರು ಕೋಣೆಯೊಳಗೆ ಇಡಲಿಲ್ಲ. ಜನರಿಗೆ ಹೇಳಬಲ್ಲಳೋ ಇಲ್ಲವೋ ಎಂಬುದಲ್ಲವೇ ಪ್ರಶ್ನೆ? ಜನರ ಮುಂದೆಯೇ ಆಗಲಿ ಎಂದರು. ಲಸಿಕೆಗೆ ಬಂದ ತಾಯಂದಿರು ಆಸ್ಪತ್ರೆಯ ಹಜಾರದಲ್ಲಿ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಒಂದು ಮಗು ರಚ್ಚೆ ಹಿಡಿದಿತ್ತು. ಮೇಷ್ಟ್ರು ಅಂಕದ ಹಾಳೆ ಹಿಡಿದು ಕೊನೆಯ ಸಾಲಿನಲ್ಲಿ ಕೂತರು.

ಹುಡುಗಿ ಬಂದು ನಿಂತಳು, ಆದರೆ ಬಾಯಿ ತೆರೆಯಲಿಲ್ಲ. ಸಾಲು ಸಾಲಾಗಿ ಮುಖಗಳನ್ನು ನೋಡಿದಳು. ಜನ ಕೇಳುತ್ತಿದ್ದಾರೋ ಇಲ್ಲವೋ ಎಂದು ತಿಳಿಯಲು ಅವಳಿಗಿದ್ದ ದಾರಿ ಅದೊಂದೇ. ಮಾತಾಡುತ್ತಿದ್ದ ಇಬ್ಬರು ಹೆಂಗಸರು ಸುಮ್ಮನಾಗಿ ತಲೆ ಎತ್ತಿದರು. ಆಮೇಲೆ ಶುರು ಮಾಡಿದಳು. ದನಿ ಒರಟಾಗಿತ್ತು, ಒಂದೆರಡು ಅಕ್ಷರ ತೊದಲಿದವು. ಯಾರೂ ನಗಲಿಲ್ಲ. ಪೊಟ್ಟಣ ಎತ್ತಿ ತೋರಿಸಿದಳು, ನೀರಿಗೆ ಸುರಿದಳು, ಕಲಸಿದಳು. ಕೈ ಕೆಲಸ ಮಾಡುವಾಗ ಬಾಯಿ ಮುಚ್ಚಿರುತ್ತಿತ್ತು. ಕೆಲಸ ಮುಗಿಸಿ, ತಲೆ ಎತ್ತಿ, ಆಮೇಲೆ ಮಾತು.

ಮೇಷ್ಟ್ರ ಪೆನ್ನು ಜಾರಿ ಬೆಂಚಿನ ಕೆಳಗೆ ಉರುಳಿತು. ಬಗ್ಗಿ ತಡಕಾಡಿದರು. ಪೆನ್ನು ಸಿಕ್ಕಿತು, ಆದರೆ ಹಜಾರದಲ್ಲಿ ಸದ್ದೇ ಇರಲಿಲ್ಲ. ಮತ್ತೆ ಅಲ್ಲೇ ಮರೆತಳೇನೋ ಎಂದು ಅವರ ಜೀವ ಬಾಯಿಗೆ ಬಂತು.

ತಲೆ ಎತ್ತಿದರೆ ಸಾಲು ಸಾಲು ತಾಯಂದಿರು ಹಿಂದಕ್ಕೆ ತಿರುಗಿ ಅವರನ್ನೇ ನೋಡುತ್ತಿದ್ದರು. ಮುಂದೆ ಹುಡುಗಿ ನೀರಿನ ಪಾತ್ರೆ ಹಿಡಿದು ಕಾಯುತ್ತಿದ್ದಳು. ಅವರ ಮುಖ ಪೂರ್ತಿ ಕಂಡ ಮೇಲೆ ಹೇಳಿದಳು:

“ಕಲಸಿದ ನೀರು ಒಂದು ದಿನಕ್ಕೆ ಮಾತ್ರ. ಉಳಿದದ್ದು ಚೆಲ್ಲಿಬಿಡಿ. ಗೊತ್ತಾಯ್ತಾ?”

ಎಲ್ಲರ ಜೊತೆ ಮೇಷ್ಟ್ರೂ ತಲೆ ಆಡಿಸಿದರು.