ಗೋಡೆಯ ಒಳಗೆ ಎಲ್ಲ ಕ್ಷೇಮ

"ಈ ವರ್ಷ ನಮ್ಮ ಕ್ಯಾಂಪಸ್ಸಲ್ಲಿ ಒಂದೇ ಒಂದು ಅಪರಾಧ ಆಗಿಲ್ಲಮ್ಮ," ಎಂದ ವಿಶ್ವವಿದ್ಯಾಲಯದ ಭದ್ರತಾಧಿಕಾರಿ. ನನ್ನ ಪಕ್ಕದಲ್ಲೇ ಅಕ್ಕನ ಮಗಳು ಮೊಣಕೈವರೆಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದಳು. ಈ ಪುಣ್ಯಾತ್ಮನಿಗೆ ಕಣ್ಣಿದೆಯೋ ಇಲ್ಲವೋ ಎಂದು ಅನುಮಾನವಾಯಿತು.

"ಮತ್ತೆ ಇದೇನು ಸರ್?"

"ಇದು ಗೋಡೆ ಹೊರಗೆ ಆಗಿದ್ದಲ್ವಾ? ನಮ್ಮ ಲೆಕ್ಕಕ್ಕೆ ಬರಲ್ಲ."

ಮೈ ಉರಿದುಹೋಯಿತು. ಈ ಊರಿನ ಕಳ್ಳಕಾಕರಿಗೆ ಹೆದರಿ ಇವರು ಕತ್ತಲಾಗುವ ಮೊದಲೇ ಹಿಂದಿನ ಗೇಟಿಗೆ ಬೀಗ ಜಡಿಯುತ್ತಾರೆ. ಹುಡುಗಿಯರ ಹಾಸ್ಟೆಲ್ ಇರುವುದು ಆ ಗೇಟಿನ ಒಳಗೇ, ಬಸ್ಸು ನಿಲ್ಲುವುದು ಅದರ ಎದುರಿಗೇ. ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ ಬರುವ ನರ್ಸಿಂಗ್ ಮಕ್ಕಳು ಬಸ್ಸಿಳಿದು, ಹಾಸ್ಟೆಲ್ ಕಣ್ಣೆದುರಿಗಿದ್ದರೂ, ಪಾಳು ಗೋದಾಮುಗಳ ಓಣಿ ಹಿಡಿದು ಗೋಡೆ ಸುತ್ತಿ ಮುಂದಿನ ಗೇಟಿಗೆ ಹೋಗಬೇಕು. ಭದ್ರತೆಯಂತೆ, ಭದ್ರತೆ! ಆ ಓಣಿಯಲ್ಲೇ ಒಬ್ಬ ಇವಳ ಕೈಗೆ ಚೂರಿ ಹಾಕಿ ಚೀಲ ಕಿತ್ತುಕೊಂಡು ಹೋಗಿದ್ದ.

"ಕೊನೇ ಬಸ್ ಬರೋವರೆಗಾದ್ರೂ ಗೇಟು ತೆಗೆದಿಡಿ. ಸೋಮವಾರದಿಂದ ಇವಳು ಮತ್ತೆ ಆಸ್ಪತ್ರೆಗೆ ಹೋಗ್ಬೇಕು. ಅಷ್ಟು ಕೇಳೋಕೇ ಬಂದಿದ್ದು."

"ಅಯ್ಯೋ, ಹೊರಗಿನ ಕೊಳಕೆಲ್ಲ ಒಳಗೆ ಬರುತ್ತಮ್ಮ," ಎಂದು ಅವನು ಹಲ್ಲು ಕಿರಿದ.

ಆಗ ಹುಡುಗಿ ನೆಲ ನೋಡುತ್ತಾ ಹೇಳಿದಳು: "ಅವನು ಹಿಂದೆ ಬರ್ತಿದಾನೆ ಅಂತ ಗೊತ್ತಾದ ತಕ್ಷಣ ವಾಪಸ್ ಓಡಿ ಗೇಟು ಬಡಿದೆ ಸರ್. ಗಾರ್ಡ್ ಅಂಕಲ್ ಒಳಗೇ ನಿಂತಿದ್ರು. ಬೀಗದ ಕೈ ಅವರ ಹತ್ರಾನೇ ಇತ್ತು. ಮುಂದಿನ ಗೇಟಿಗೆ ಹೋಗಮ್ಮ ಅಂದ್ರು."

ಇದನ್ನು ಅವಳು ನನಗೂ ಹೇಳಿರಲಿಲ್ಲ. ಈಗಲಾದರೂ ಈ ಮನುಷ್ಯ ತಲೆ ತಗ್ಗಿಸುತ್ತಾನೆ ಅಂದುಕೊಂಡೆ. ಅವನ ಮುಖ ಅರಳಿತು.

"ಸರಿಯಾಗೇ ಮಾಡಿದಾನೆ! ಆಗ ತೆಗೆದಿದ್ರೆ ಚೂರಿ ಹಿಡಿದೋನೂ ಒಳಗೆ ನುಗ್ತಿದ್ದ. ಆಮೇಲೆ ಕೇಸು ನಮ್ಮ ತಲೆಗೇ ಬರ್ತಿತ್ತು."

ಇಂಥವನೆದುರು ಕೈ ಮುಗಿದು ಕೂತಿದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು. ಎದ್ದು ನಿಂತೆ.

"ಹಾಗಾದ್ರೆ ಸೋಮವಾರ ಸಂಜೆ ನೀವೇ ಬಸ್‌ಸ್ಟಾಪಿಗೆ ಬನ್ನಿ. ಆ ಓಣೀಲಿ ಇವಳ ಜೊತೆ ನಡೀರಿ."

"ನಾನಾ?" ಅವನು ನಿಜಕ್ಕೂ ಗಾಬರಿಯಾದ. "ಕತ್ತಲಾದ್ಮೇಲೆ ಆ ಕಡೆ ಯಾರಮ್ಮ ಹೋಗ್ತಾರೆ?"

"ಇವಳು," ಎಂದೆ.